ಪದಚರ್ಚೆ: ಕದ್ದಾಲಿಕೆ, ನಿಗಾ, ಕಣ್ಗಾವಲು – ಯಾವುದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಪೊಲೀಸರು, ಸರ್ಕಾರ, ಫೋನ್ ಕಂಪನಿಗಳ ಮೇಲೆ ಜನರಿಗಿದ್ದ ನಂಬಿಕೆ ಕುಂದಿರುವ ಬಗ್ಗೆ ಒಂದು ಪ್ರದರ್ಶನವಿದೆ. ಅದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಅಚ್ಚಿಗೆ ಕೊಡಬೇಕು.

ತಲೆಬರಹಕ್ಕೆ, ‘ಸರ್ವೇಲೆನ್ಸ್’ ಎಂಬುದಕ್ಕೆ ಒಂದೇ ಪದ ಬೇಕು. ಕರಡಿನಲ್ಲಿ ‘ನಿಗಾ’ ಇದೆ. 2013ರ ಜೂನ್‌ನಲ್ಲಿ ಬಯಲಾದ, ವೆರೈಜನ್ ಫೋನ್ ಕಂಪನಿಗೆ ಕೊಟ್ಟಿದ್ದ ಗುಟ್ಟಿನ ಕೋರ್ಟ್ ಆದೇಶದ ಫಲಕದಲ್ಲಿ ‘ಕೋಟ್ಯಂತರ ಕರೆಗಳ ಕದ್ದಾಲಿಕೆ’ ಎಂದಿದೆ. ‘ಇಂಟರ್‌ಸೆಪ್ಟ್’ ಬಂದಲ್ಲೆಲ್ಲ ‘ಕರೆ ತಡೆಹಿಡಿಯುವುದು’. ಕೊನೆಯ ಫಲಕ: ‘ಪೊಲೀಸರಲ್ಲಿ ಕುಸಿಯುತ್ತಿರುವ ಸಾರ್ವಜನಿಕ ವಿಶ್ವಾಸ’. ದಯವಿಟ್ಟು ನೋಡಿ.

– ಸು.ರಾ.

---

ಸು.ರಾ. ಅವರೇ, ಮೊದಲು ‘ಕದ್ದಾಲಿಕೆ’ ತೆಗೆಯಿರಿ. ಆ ಆದೇಶದಲ್ಲಿ ಆಲಿಸುವ ಪ್ರಶ್ನೆಯೇ ಇರಲಿಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂಬ ಪಟ್ಟಿಯನ್ನು ಕಂಪನಿ ದಿನದಿನವೂ ಅಮೆರಿಕದ ಗುಪ್ತಚರ ಸಂಸ್ಥೆಯಾದ ಎನ್‌ಎಸ್‌ಎಗೆ ಒಪ್ಪಿಸಬೇಕಿತ್ತು, ಅಷ್ಟೆ. ‘ನಿಮ್ಮ ಕರೆಗಳನ್ನು ಯಾರೂ ಕೇಳುತ್ತಿಲ್ಲ’ ಎಂದು ಒಬಾಮ ಆಗ ಹೇಳಿದ್ದು ಈ ಅರ್ಥದಲ್ಲೇ. ನೀವು ‘ಕದ್ದಾಲಿಕೆ’ ಎಂದು ಬರೆದರೆ ಆ ಒಂದು ಮಾತಿನಿಂದಲೇ ನಿಮ್ಮ ಫಲಕ ಸುಳ್ಳಾಗುತ್ತದೆ. ‘ಕರೆವಿವರ ಸಂಗ್ರಹ’ ಎಂದು ಹಾಕಿ, ಕೆಳಗೆ ಒಂದು ಉದಾಹರಣೆ ಕೊಡಿ: ಬೆಳಿಗ್ಗೆ ಕ್ಯಾನ್ಸರ್ ತಜ್ಞರಿಗೆ ಒಂದು ಕರೆ, ಮಧ್ಯಾಹ್ನ ವಿಮೆ ಕಂಪನಿಗೆ ನಲವತ್ತು ನಿಮಿಷ, ಸಂಜೆ ವಕೀಲರಿಗೆ. ಒಂದು ಮಾತೂ ಕೇಳಿಸಿಕೊಳ್ಳದೆ ಆ ಮನೆಯ ಸ್ಥಿತಿ ತಿಳಿದುಹೋಗುತ್ತದೆ.

‘ತಡೆಹಿಡಿಯುವುದು’ ಪೂರಾ ತಪ್ಪು. ಕರೆ ನಿಲ್ಲುವುದಿಲ್ಲ. ಪೊಲೀಸರು ಕೋರ್ಟ್ ಆದೇಶ ತಂದರೆ ಕರೆಯ ಇನ್ನೊಂದು ಪ್ರತಿ ಅವರಿಗೆ ಹೋಗುವಂತೆ ಕಂಪನಿಗಳು ತಮ್ಮ ಉಪಕರಣ ಸಜ್ಜುಗೊಳಿಸಿರಬೇಕೆಂದು 1994ರ ಕಾಯ್ದೆಯೇ ಹೇಳುತ್ತದೆ. ಮಾತಾಡುವ ಇಬ್ಬರಿಗೂ ಏನೂ ಗೊತ್ತಾಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಟಿ ಅಂಡ್ ಟಿ ಫೋನ್ ಕಂಪನಿ ಕಟ್ಟಡದ 641ಎ ಕೋಣೆ, 2006ರಲ್ಲಿ ಅಲ್ಲಿನ ಮಾಜಿ ತಂತ್ರಜ್ಞ ಮಾರ್ಕ್ ಕ್ಲೈನ್ ಬಯಲು ಮಾಡಿದ್ದು, ಅಲ್ಲಿ ನಡೆದದ್ದೂ ಇದೇ ಬಗೆ: ಫೈಬರಿನ ಬೆಳಕನ್ನು ಕವಲೊಡೆಸಿದರು, ಒಂದು ಕವಲು ಎಂದಿನ ದಾರಿ ಹಿಡಿಯಿತು, ಇನ್ನೊಂದು ಕೋಣೆಯೊಳಗೆ ಹೋಯಿತು. ಎರಡರಲ್ಲೂ ಇದ್ದದ್ದು ಒಂದೇ ಮಾಹಿತಿ. ಹಾಗಾಗಿ ‘ನಕಲು ಪಡೆಯುವುದು’ ಎಂದೇ ಬರೆಯಿರಿ.

– ಕೆ.ವಿ.

---

‘ನಿಗಾ’ ಫಾರಸಿ. ಕನ್ನಡದಲ್ಲಿ ‘ಬೇಹು’ ಇರುವಾಗ ಅದು ಯಾಕೆ ಬೇಕು? ತಮಿಳಿನ ವೇವು, ತೆಲುಗಿನ ವೇಗು, ನಮ್ಮ ಬೇಹು, ಮೂರೂ ಒಂದೇ ಬೇರಿನವು. ವಕಾರ ಬಕಾರವಾಗುವುದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ತಲೆಬರಹಕ್ಕೆ ‘ಬೇಹುಗಣ್ಣು’ ಹಾಕಿ. ಕರೆವಿವರಕ್ಕೆ ‘ಮೇಲ್ತಿಳಿಹ’. ‘ಸಾರ್ವಜನಿಕ ವಿಶ್ವಾಸ’ವೂ ಬೇಡ, ‘ಜನರ ನಂಬಿಕೆ’ ಸಾಕು.

– ನಾ.ಭ.

---

‘ಮೇಲ್ತಿಳಿಹ’ ಓದಿದವರಿಗೆ ಏನೂ ತಿಳಿಯದು. ಬಿಡಿ.

‘ಬೇಹು’ ಅಂದರೆ ಗುಟ್ಟಾಗಿ ನಡೆಯುವುದು. ರಸ್ತೆಯ ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ ಕೂತ ಕ್ಯಾಮೆರಾ ಬೇಹು ಅಲ್ಲ, ಆದರೂ ಅದು ಸರ್ವೇಲೆನ್ಸ್. ‘ನಿಗಾ’ದ ತೊಡಕು ಫಾರಸಿ ಅನ್ನುವುದಲ್ಲ. ಆಸ್ಪತ್ರೆಯಲ್ಲಿ ‘ತೀವ್ರ ನಿಗಾ ಘಟಕ’ ಇದೆ. ಓದುಗರಿಗೆ ಆರೈಕೆಯ ಧ್ವನಿ ಕೇಳಿಸುತ್ತದೆ. ‘ಕಣ್ಗಾವಲು’ ಪದದಲ್ಲೂ ಕಾಯುವ ಕಾವಲು ಇದೆ, ಆದರೆ ಪತ್ರಿಕೆಗಳು ಬಳಸಿ ಬಳಸಿ ಅದಕ್ಕೆ ಬೇಕಾದ ಅರ್ಥ ಬಂದಿದೆ. ಅದನ್ನೇ ಹಾಕಿ.

‘ಜನರ ನಂಬಿಕೆ’ ಮಾತ್ರ ನಾ.ಭ. ಹೇಳಿದಂತೆ ಸರಿ. ಸಂಸ್ಕೃತ ಎಂಬ ಕಾರಣಕ್ಕಲ್ಲ. ‘ಪ್ರೀತಿ ವಿಶ್ವಾಸ’ ಎನ್ನುವ ನಾಡಿನಲ್ಲಿ ಪೊಲೀಸರಲ್ಲಿ ವಿಶ್ವಾಸ ಎಂದರೆ ಅಕ್ಕರೆ ಎಂದಾಗಬಹುದು. ‘ಕುಸಿಯುತ್ತಿರುವ’ ಎಂಬ ವರ್ತಮಾನವೂ ನಿಲ್ಲದು. ಗ್ಯಾಲಪ್ ಸಮೀಕ್ಷೆಯಲ್ಲಿ ಪೊಲೀಸರ ಮೇಲೆ ನಂಬಿಕೆ ಇದೆ ಎಂದವರು 2020ರಲ್ಲಿ ಮೊದಲ ಬಾರಿ ಅರ್ಧಕ್ಕಿಂತ ಕೆಳಗಿಳಿದು ಶೇ. 48 ಆದರು, 2023ರಲ್ಲಿ 43, 2024ರಲ್ಲಿ ಮತ್ತೆ 51. ‘ಕುಂದಿದ ನಂಬಿಕೆ’ ಎನ್ನಿ.

– ಮ.ಶಿ.

---

ಎರವಲಿಗೆ ಬಾಗಿಲು ತೆರೆದಿಟ್ಟೇ ನಮ್ಮ ಪದಗಳು ಸತ್ತವು. ‘ಪೊಲೀಸ್’, ‘ಕೋರ್ಟ್’, ‘ಟವರ್’ – ಒಂದನ್ನಾದರೂ ಯಾರಾದರೂ ಪ್ರಶ್ನಿಸಿದ್ದೀರಾ?

– ನಾ.ಭ.

---

ಪ್ರಶ್ನಿಸಬೇಕಿಲ್ಲ. ಟವರ್ ಎಂದರೆ ಹಳ್ಳಿಯ ಅಜ್ಜಿಗೂ ಗೊತ್ತು. ಹೊಸ ಪದ ಬೇಕಾದದ್ದು ವಸ್ತುವಿಗಲ್ಲ, ಅಧಿಕಾರದಲ್ಲಿರುವವರು ಮಾಡುವ ಕೆಲಸಕ್ಕೆ. ಫೋನ್ ಎಲ್ಲೆಲ್ಲಿ ಓಡಾಡಿತು ಎಂಬ ದಾಖಲೆಗೆ ‘ಜಾಡು’ ಎನ್ನಿ, ಅಚ್ಚಗನ್ನಡ. ಕಾರ್ಪೆಂಟರ್ ಎಂಬ ಆರೋಪಿಯ ಪ್ರಕರಣದಲ್ಲಿ ಪೊಲೀಸರು ವಾರಂಟ್ ಇಲ್ಲದೆ 127 ದಿನಗಳ ಜಾಡು ಪಡೆದಿದ್ದರು. ಅದಕ್ಕೆ ವಾರಂಟ್ ಬೇಕು ಎಂದು 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು.

ಇನ್ನೊಂದು ಫಲಕವನ್ನೂ ನೋಡಿಕೊಳ್ಳಿ. 2024ರ ಏಪ್ರಿಲ್‌ನಲ್ಲಿ ಎಫ್‌ಸಿಸಿ (ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ) ದೊಡ್ಡ ಫೋನ್ ಕಂಪನಿಗಳಿಗೆ ಒಟ್ಟು ಸುಮಾರು 20 ಕೋಟಿ ಡಾಲರ್ ದಂಡ ಹಾಕಿದ್ದು ಗ್ರಾಹಕರ ಜಾಡನ್ನು ಮಧ್ಯವರ್ತಿಗಳ ಕೈಗೆ ಕೊಟ್ಟದ್ದಕ್ಕೆ. ಕಂಪನಿಗಳು ಕೋರ್ಟಿಗೆ ಹೋದವು, ಅದು ಬೇರೆ ಮಾತು. ಅಲ್ಲಿ ಕಣ್ಗಾವಲೂ ಅಲ್ಲ, ಬೇಹೂ ಅಲ್ಲ. ‘ಮಾರಾಟ’ ಎಂದೇ ಬರೆಯಿರಿ, ‘ಹಂಚಿಕೆ’ ಎಂದು ಮೆತ್ತಗೆ ಮಾಡಬೇಡಿ.

– ಕೆ.ವಿ.

---

ಉಪಕಾರವಾಯಿತು. ತಲೆಬರಹ ‘ಕಣ್ಗಾವಲು’, ಕೊನೆಯದು ‘ಜನರ ಕುಂದಿದ ನಂಬಿಕೆ’. ‘ಸ್ಟಿಂಗ್‌ರೇ’ (ಪೊಲೀಸರು ಫೋನ್ ಪತ್ತೆಗೆ ಬಳಸುವ ಉಪಕರಣ) ಒಂದು ಉಳಿದಿದೆ. ‘ಸಿಮ್ ಹಿಡಿಯುವ ಯಂತ್ರ’ ಆಗಬಹುದೇ?

– ಸು.ರಾ.

---

ಬೇಡ, ಸಿಮ್ ಅಲ್ಲೇ ಇರುತ್ತದೆ. ‘ಹುಸಿ ಟವರ್’. ಹತ್ತಿರದ ಫೋನ್‌ಗಳಿಗೆ ತಾನೇ ಜೋರಾದ ಟವರ್ ಎಂದು ತೋರಿಸಿಕೊಂಡು ಅವುಗಳ ಗುರುತು ಸಂಖ್ಯೆ ಪಡೆಯುತ್ತದೆ. 2ಜಿಯಲ್ಲಿ ಫೋನ್ ತನ್ನನ್ನು ಟವರಿಗೆ ಸಾಬೀತುಪಡಿಸಬೇಕು, ಟವರ್ ಫೋನಿಗೆ ಏನನ್ನೂ ಸಾಬೀತುಪಡಿಸಬೇಕಿಲ್ಲ. ಅದಕ್ಕೇ ಫೋನನ್ನು 2ಜಿಗೆ ಇಳಿಸುತ್ತಾರೆ. ಒಬ್ಬನನ್ನು ಹುಡುಕುವಾಗ ಸುತ್ತಲಿನ ಎಲ್ಲರ ಸಂಖ್ಯೆಯೂ ಸಿಗುತ್ತದೆ ಎಂಬುದನ್ನು ಫಲಕದಲ್ಲಿ ಬಿಡಬೇಡಿ.

– ಮ.ಶಿ.

---

‘ಹುಸಿ’ ಒಪ್ಪಿದೆ. ‘ಟವರ್’ ಒಪ್ಪಿಲ್ಲ.

– ನಾ.ಭ.