ಅಕೇಶಿಯಾ ಕಡಿಸಿದ್ದಾಯ್ತು, ಇನ್ನು ಕಾಡು ಬರೋದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಸಾಗರ ತಾಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮೇಲ್ಗಡೆ ಐದು ಎಕರೆ ಸ್ವಂತ ಜಾಗ ಇದೆ. ಅಜ್ಜನ ಕಾಲದಲ್ಲಿ ಅಲ್ಲಿ ಮತ್ತಿ, ಹೊನ್ನೆ, ನೇರಳೆ ಎಲ್ಲ ಇತ್ತಂತೆ. 1990ರ ಸುಮಾರಿಗೆ ಅಪ್ಪ ಅಕೇಶಿಯಾ ಹಾಕಿದರು. ಕಳೆದ ಬೇಸಿಗೆಯಲ್ಲಿ ಪೂರ್ತಿ ಕಡಿಸಿದೆವು. ಈಗ ಮಳೆಗಾಲ ಮುಗೀತಾ ಬಂತು, ಅಕೇಶಿಯಾ ಸಸಿಗಳೇ ಚಾಪೆ ಹಾಸಿದ ಹಾಗೆ ಎದ್ದಿವೆ, ಅಂಚಿನಲ್ಲಿ ಯುಪಟೋರಿಯಂ ಕಳೆ. ಒಬ್ಬರು ಜಪಾನಿನ ಮಿಯಾವಾಕಿ ಪದ್ಧತಿ ಥರ ಒತ್ತೊತ್ತಾಗಿ ನೆಡಿ, ಮೂರೇ ವರ್ಷಕ್ಕೆ ಕಾಡಾಗುತ್ತೆ ಅಂತಾರೆ. ಇನ್ನೊಬ್ಬರು ಏನೂ ಮಾಡದೆ ಬಿಟ್ಟುಬಿಡಿ ಅಂತಾರೆ. ಎಲ್ಲಿಂದ ಶುರು ಮಾಡಲಿ? ಐದು ವರ್ಷ ಬಿಟ್ಟು ನೋಡಿದಾಗ ಅದು ಕಾಡಾಗ್ತಿದೆಯೋ ಬರೀ ಹಸಿರಾಗಿದೆಯೋ ಅಂತ ತಿಳಿಯೋದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಶಿರಸಿ ಕಡೆಯ ತೋಟಗಾರ್ತಿ

ತಮ್ಮಾ, ಮೊದಲು ಸಸಿ ಕೊಳ್ಳೋಕೆ ಹೋಗಬೇಡ. ನಾನು ಹೋಗಿ ಕೆಟ್ಟೆ, ಅದನ್ನೇ ಹೇಳ್ತೇನೆ.

ನಮ್ಮದು ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಸೊಪ್ಪು ತರಿದು, ದರಕು (ಒಣ ಎಲೆ) ಗುಡಿಸಿ, ದನ ಬಿಟ್ಟು, ನನ್ನ ಕೈಗೆ ಬರೋ ಹೊತ್ತಿಗೆ ನಮ್ಮ ಪಾಲಿನ ಬೆಟ್ಟ ಬೋಳಾಗಿತ್ತು. 14 ವರ್ಷದ ಹಿಂದೆ ನರ್ಸರಿಯಿಂದ 600 ಸಸಿ ತಂದೆ. ಗುಂಡಿ ತೆಗೆಯೋಕೆ ಬಂದ ಆಳುಗಳು ಮೊದಲು ಕತ್ತಿಯಲ್ಲಿ ಸವರಿ ಜಾಗ "ಚೊಕ್ಕ" ಮಾಡಿದರು. ನಾನೇ ನಿಂತು ಮಾಡಿಸಿದ್ದು. ಸಂಜೆ ಹೋಗಿ ನೋಡಿದರೆ ಕಡಿದು ಬಿದ್ದ ರಾಶಿಯಲ್ಲಿ ಕೌಲು, ಹೊನ್ನೆ, ಕಿಂದಲ, ಎಲ್ಲ ಮೊಣಕಾಲೆತ್ತರದವು. ನಾನು ದುಡ್ಡು ಕೊಟ್ಟು ತಂದ ಜಾತಿಗಳೇ ಅಲ್ಲಿ ತಾವಾಗಿ ಎದ್ದಿದ್ದವು. ಮುಂದಿನ ಬೇಸಿಗೆಗೆ ನಾನು ನೆಟ್ಟದ್ದರಲ್ಲಿ ಮುಕ್ಕಾಲು ಪಾಲು ಒಣಗಿ ಹೋಯ್ತು. ಕಡಿದ ಕೌಲಿನ ಬುಡ ಮಾತ್ರ ಮತ್ತೆ ಚಿಗುರಿತು. 1983ರಲ್ಲಿ ಸಾಲ್ಕಣಿ ಕಡೆ ಮರ ಅಪ್ಪಿಕೊಂಡು ಉಳಿಸೋ ಅಪ್ಪಿಕೊ ಚಳವಳಿ ಶುರುವಾದಾಗ ನಾನು ಹೈಸ್ಕೂಲು ಹುಡುಗಿ. ಮರ ಉಳಿಸೋ ಮಾತು ಅವತ್ತೇ ಕಿವಿಗೆ ಬಿದ್ದಿತ್ತು. ಸಸಿ ಉಳಿಸೋದು ಕಲಿಯೋಕೆ ಅಷ್ಟು ವರ್ಷ ಬೇಕಾಯ್ತು.

ಈಗ ನಾನು ಮಾಡೋದು ಇಷ್ಟು. ಕತ್ತಿ ಹಿಡಿದವರು ಬೆಟ್ಟ ಹತ್ತುವ ಮುಂಚೆ ನಾನು ಹಳೇ ಕೆಂಪು ಸೀರೆಯ ಚಿಂದಿ ಹಿಡಿದು ಹೋಗ್ತೇನೆ. ಕುಕ್ಕರುಗಾಲಲ್ಲಿ ಕೂತು ಸಾಲು ಸಾಲಾಗಿ ನೋಡ್ತಾ ಹೋದರೆ ಮಾತ್ರ ಕಾಣುತ್ತೆ, ನಿಂತು ನೋಡಿದರೆ ಬರೀ ಕಳೆ. ಊರ ಜಾತಿಯ ಸಸಿ ಪ್ರತಿಯೊಂದರ ಪಕ್ಕ ಒಂದು ಗೂಟ, ಅದಕ್ಕೊಂದು ಚಿಂದಿ. ಚಿಂದಿ ಇದ್ದಲ್ಲಿ ಕತ್ತಿ ಆಡಬಾರದು. ಅದರ ಸುತ್ತ ಎರಡು ಅಡಿ ಮಾತ್ರ ಕೈಯಲ್ಲಿ ಬಿಡಿಸಿ, ಸೊಪ್ಪು ಮುಚ್ಚಿಗೆ ಕೊಡೋದು.

ಅಕೇಶಿಯಾ ಸಸಿ ಗುರುತಿಸೋದರಲ್ಲಿ ಮೋಸ ಹೋಗಬೇಡ. ಹುಟ್ಟಿದಾಗ ಅದರ ಎಲೆ ಹುಣಸೆ ಎಲೆಯ ಹಾಗೆ ಸಣ್ಣ ಸಣ್ಣದು. ಆಮೇಲೆ ತೊಟ್ಟೇ ಅಗಲವಾಗಿ ಉದ್ದ ಎಲೆಯ ಹಾಗೆ ಕಾಣುತ್ತೆ. ಒಂದೇ ಗಿಡದಲ್ಲಿ ಎರಡೂ ಇದ್ದರೆ ಅದೇ. ಇವತ್ತು ನಾಳೆಯೇ ಶುರು ಮಾಡು, ನೆಲ ಹಸಿ ಇರುವಾಗ ಬೇರು ಸಮೇತ ಕೈಗೆ ಬರುತ್ತೆ, ದೀಪಾವಳಿ ಕಳೆದರೆ ಬುಡದಲ್ಲೇ ತುಂಡಾಗುತ್ತೆ. ಒಂದು ವರ್ಷಕ್ಕೆ ಮುಗಿಯಲ್ಲ, ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಬಿದ್ದಿರುತ್ತೆ. ಬೆಂಕಿ ಮಾತ್ರ ಹಾಕಬೇಡ. ಅದರ ಬೀಜದ ಸಿಪ್ಪೆ ಗಟ್ಟಿ, ಬಿಸಿ ತಾಗಿದರೆ ಒಡೆದು ಇನ್ನೂ ಜೋರಾಗಿ ಹುಟ್ಟುತ್ತೆ. ಅದರ ದರಕು ಬೇಗ ಕೊಳೆಯಲ್ಲ, ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತೆ. ಅಲ್ಲಲ್ಲಿ ಎಳೆದು ಮಣ್ಣು ಕಾಣಿಸು. ಮೇಲಿಂದ ಬಿದ್ದ ಬೀಜಕ್ಕೆ ನೆಲ ಸಿಗಬೇಕಲ್ಲ.

ಜಾಗದಲ್ಲಿ ಹತ್ತಾರು ಎತ್ತರದ ಕಂಬ, ಕವೆಗೋಲು ನೆಡು. ಪಿಕಳಾರ, ಕುಟುರ ಬಂದು ಕೂತು ಹಿಕ್ಕೆ ಹಾಕ್ತವೆ. ಎರಡು ಮಳೆಗಾಲ ಕಳೆದರೆ ಅದರ ಬುಡದಲ್ಲೇ ಕೇಪಳ, ನೇರಳೆ ಕಾಣಿಸುತ್ತೆ. ಹಕ್ಕಿ ತರದ್ದನ್ನು ಮಾತ್ರ ನಾವು ತರಬೇಕು: ಹೆಬ್ಬಲಸು, ಸಾಲುಧೂಪ, ತೇವದ ಜಾಗ ಇದ್ದರೆ ರಾಮಪತ್ರೆ. ರಾಮಪತ್ರೆಯಂಥ ದೊಡ್ಡ ಬೀಜ ನುಂಗೋ ಮಂಗಟ್ಟೆ ಹಕ್ಕಿ ನಮ್ಮೂರಲ್ಲಿ ಈಗ ಅಪರೂಪ. ಈ ಬೀಜಗಳನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ, ಒಣಗಿದರೆ ಸತ್ತ ಹಾಗೇ. ಮರದಡಿಯಿಂದ ಹೆಕ್ಕಿದ ನಾಲ್ಕು ದಿನದೊಳಗೆ ಮಣ್ಣಿಗೆ ಹೋಗಬೇಕು. ಅದೂ ಈಗಲ್ಲ, ಒಂದಿಷ್ಟು ನೆರಳು ಬಂದ ಮೇಲೆ.

ಚಾಮರಾಜನಗರದಿಂದ, ಕಳೆ ತೆಗೆಯುವ ಕೆಲಸದಲ್ಲಿರುವವನು

ಅಕ್ಕ ಹೇಳಿದ್ದು ನಿಜ. ನಮ್ಮಲ್ಲಿ ಕಾಟ ಕೊಡೋದು ಲಂಟಾನ ಅನ್ನೋ ಪೊದೆ ಕಳೆ. ಹತ್ತು ವರ್ಷ ಅದನ್ನು ಬರೀ ಕಡಿದು ಕಡಿದು ಸೋತಿದ್ದೆವು. ಕಡಿದಷ್ಟೂ ಬುಡದ ಗಂಟಿನಿಂದ ಚಿಗುರುತ್ತೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರು ತೋರಿಸಿಕೊಟ್ಟ ದಾರಿ ಬೇರೆ: ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರು ಕಡಿದು, ಇಡೀ ಪೊದೆ ಎತ್ತಿ ತಲೆಕೆಳಗಾಗಿ ಇಡೋದು. ಬೇರಿಗೆ ಮಣ್ಣು ಸೋಕಬಾರದು. ಖಾಲಿಯಾದ ಜಾಗಕ್ಕೆ ಅದೇ ಮಳೆಯಲ್ಲಿ ಊರ ಹುಲ್ಲಿನ ಬೀಜ ಎರಚದಿದ್ದರೆ ಮತ್ತೆ ಲಂಟಾನವೇ. ಮೂರು ವರ್ಷ ಬಿಡದೆ ಹಿಂದೆ ಬೀಳಬೇಕು. ನಿಮ್ಮ ಯುಪಟೋರಿಯಂ ಹೂ ಬಿಡೋ ಮುಂಚೆ, ಅಂದರೆ ಡಿಸೆಂಬರ್ ಒಳಗೆ ಕಿತ್ತುಬಿಡಿ.

ಬೆಂಕಿ ವಿಷಯಕ್ಕೆ ಒಂದು ಮಾತು. ಅಕ್ಕ ಹೇಳಿದ ಹಾಗೆ ನಿಮ್ಮ ಜಾಗಕ್ಕೆ ಬೆಂಕಿ ಬೇಡ, ಸರಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಿನ ಕಾಡಿನ ಜನ ಸೋಲಿಗರು ಬೇಸಿಗೆಯ ಮೊದಲಲ್ಲೇ ನೆಲದ ತರಗು ಮಾತ್ರ ಉರಿಯೋ ಹಾಗೆ ಸಣ್ಣ ಬೆಂಕಿ ಇಡ್ತಿದ್ದರು, ಅದಕ್ಕೆ ತರಗು ಬೆಂಕಿ ಅಂತಲೇ ಹೆಸರು. 1974ರಲ್ಲಿ ವನ್ಯಧಾಮ ಆದಮೇಲೆ ಅದು ನಿಂತಿತು. ಆಮೇಲೇ ಲಂಟಾನ ಹೀಗೆ ಹಬ್ಬಿದ್ದು ಅಂತ ಅಲ್ಲಿನ ಹಿರಿಯರು ಈಗಲೂ ಹೇಳ್ತಾರೆ. ಒಂದು ಕಾಡಿನ ಮದ್ದು ಇನ್ನೊಂದಕ್ಕೆ ಆಗಲ್ಲ. ನೀವಾಗಿ ಪ್ರಯೋಗ ಮಾಡೋಕೆ ಹೋಗಬೇಡಿ, ಪಕ್ಕದಲ್ಲಿ ಕಾಡಿದ್ದರೆ ಕೇಸೂ ಆಗುತ್ತೆ.

ಹಾವೇರಿ ಜಿಲ್ಲೆಯಿಂದ

ಸರ್, ನಿಮ್ಮ ಜಾಗ ಮುಂಚೆ ಏನಾಗಿತ್ತು ಅಂತ ಹಿರಿಯರ ಹತ್ತಿರ ಕೇಳಿ ಖಾತ್ರಿ ಮಾಡ್ಕೊಳ್ಳಿ. ನಿಮ್ಮ ಮಲೆನಾಡಲ್ಲಿ ಕಾನು (ದಟ್ಟ ಕಾಡು) ಬೇರೆ, ಬೆಟ್ಟ ಬೇರೆ, ಬೇಣ (ಹುಲ್ಲುಗಾವಲು) ಬೇರೆ ಅಲ್ವಾ? ಹುಲ್ಲಿನ ಬೇಣಕ್ಕೆ ಮರ ತುಂಬಿದರೆ ಅದೂ ಒಂದು ನಾಶವೇ. ನಮ್ಮ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲಿಗೆ ನೀಲಗಿರಿ ನೆಟ್ಟರು. ಎರ್ಲಡ್ಡು ಅಂತ ಕರೀತಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಲ್ಲಿಂದ ಕಾಣೆಯಾಯ್ತು. ಅದಕ್ಕೆ ದೂರದವರೆಗೆ ಕಾಣೋ ಬಯಲು ಬೇಕು. ಚಿಕ್ಕವನಿದ್ದಾಗ ನಮ್ಮ ಅಜ್ಜ ಆ ಹಕ್ಕಿಯ ನಡಿಗೆ ಮಾಡಿ ತೋರಿಸ್ತಿದ್ದ. ನಾನು ಒಂದನ್ನೂ ನೋಡಲಿಲ್ಲ.

ಸಿದ್ದಾಪುರ ತಾಲೂಕಿನ ಶಾಲಾ ಶಿಕ್ಷಕ

ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ. ಶಾಲೆಯ ಹಿಂದಿನ ಮೂರು ಎಕರೆಯನ್ನು ಮಕ್ಕಳ ಜೊತೆ ಒಂಬತ್ತು ವರ್ಷದಿಂದ ಅಳೀತಾ ಇದ್ದೇನೆ. ನನಗಿರೋ ದೊಡ್ಡ ಬೇಸರ ಅಂದರೆ ಶುರುವಿನ ದಿನದ ಒಂದೂ ಫೋಟೋ ನಮ್ಮಲ್ಲಿಲ್ಲ. ಕೆಲಸ ಶುರುವಾಗಿ ಎರಡು ವರ್ಷಕ್ಕೆ ಅಳತೆಯ ನೆನಪಾಯ್ತು. ನೀವು ಒಂದು ಅಕೇಶಿಯಾ ಸಸಿ ಕೀಳೋ ಮುಂಚೆಯೇ ಇದನ್ನು ಮಾಡಿ.

ಐದು ಕಡೆ ಗೂಟಗಲ್ಲು ಹೂಳಿ, ತಲೆಗೆ ಬಣ್ಣ ಬಳಿದು ನಂಬರ್ ಹಾಕಿ. ಕಲ್ಲಿಗೆ ಬೆನ್ನು ಕೊಟ್ಟು ನಿಂತು, ಮೊಬೈಲ್ ಎದೆಮಟ್ಟಕ್ಕೆ ಹಿಡಿದು, ಅದೇ ದಿಕ್ಕಿಗೆ, ಪ್ರತಿವರ್ಷ ಅದೇ ವಾರ ಫೋಟೋ. ನಾವು ದೀಪಾವಳಿ ವಾರ ಒಂದು, ಶಿವರಾತ್ರಿ ವಾರ ಒಂದು ತೆಗೀತೇವೆ. ಮಳೆಗಾಲದಲ್ಲಿ ಎಲ್ಲ ಜಾಗವೂ ಚೆಂದವೇ, ನಿಜ ಹೇಳೋದು ಶಿವರಾತ್ರಿಯ ಫೋಟೋ.

ಆಮೇಲೆ ಹಗ್ಗದಲ್ಲಿ 10 ಮೀಟರ್ ಚೌಕ, ಐದು ಸಾಕು. ಅದರೊಳಗಿನ ಪ್ರತಿ ಮರದ ಸುತ್ತಳತೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಟೈಲರ್ ಟೇಪಿನಿಂದ. ಚೌಕದ ಮೂಲೆಯಲ್ಲಿ 1 ಮೀಟರ್ ಚೌಕ ಮಾಡಿ ಅದರಲ್ಲಿ ಮೊಳಕೆ ಎಣಿಸಿ. ಎಣಿಸುವಾಗ ನೆಟ್ಟದ್ದು ಬೇರೆ, ತಾನಾಗಿ ಬಂದದ್ದು ಬೇರೆ ಬರೀರಿ. ಎಲ್ಲಕ್ಕಿಂತ ಮುಖ್ಯ ಇದು. ನೆಟ್ಟದ್ದರಲ್ಲಿ ನೂರಕ್ಕೆ ತೊಂಬತ್ತು ಬದುಕಿದ್ದು, ತಾನಾಗಿ ಒಂದೂ ಹುಟ್ಟದಿದ್ದರೆ ನಮ್ಮಲ್ಲಿರೋದು ಪ್ಲಾಂಟೇಶನ್. ಮೊದಲ ಮೂರು ವರ್ಷ ಮಕ್ಕಳ ಪುಸ್ತಕದಲ್ಲಿ "ಕಾಡು ಗಿಡ 14" ಅಂತೆಲ್ಲ ಇದೆ, ಯಾವ ಗಿಡವೋ ದೇವರಿಗೇ ಗೊತ್ತು. ಈಗ ಎಲೆಯನ್ನು ಹಳೇ ಪೇಪರಿನಲ್ಲಿ ಒಣಗಿಸಿ ಪಕ್ಕದಲ್ಲೇ ಅಂಟಿಸಿ, ಊರಿನ ಹೆಸರು ಬರೆಸ್ತೇನೆ. ಒಂದು ಮಗುವಿನ ಅಜ್ಜಿ ಬಂದು ಹನ್ನೊಂದು ಎಲೆಗೆ ಹೆಸರು ಹೇಳಿ ಹೋದರು. ಇನ್ನೊಂದು, ನಂಬರ್ ತಗಡು ಕಟ್ಟಿದ ತಂತಿ ಸಡಿಲ ಇರಲಿ. ನಾವು ಬಿಗಿದು ಕಟ್ಟಿದ ತಂತಿ ಎರಡನೇ ವರ್ಷಕ್ಕೆ ನಂದಿ ಮರದ ತೊಗಟೆಯೊಳಗೆ ಇಳಿದಿತ್ತು, ಬಿಡಿಸುವಾಗ ಹುಡುಗಿಯೊಬ್ಬಳು ಅತ್ತೇಬಿಟ್ಟಳು.

ಹೋಲಿಸಿ ನೋಡೋಕೆ ಎರಡು ಜಾಗ ಬೇಕು. ಕೈ ಹಚ್ಚದೆ ಬಿಟ್ಟ ಕಾಲು ಎಕರೆ ಒಂದು, ಹತ್ತಿರದ ಒಳ್ಳೆಯ ಕಾನು ಒಂದು. ತಮಿಳುನಾಡಿನ ಆನೆಮಲೆ ಬೆಟ್ಟದ ವಾಲ್ಪಾರೈನಲ್ಲಿ ದಿವ್ಯಾ ಮುದ್ದಪ್ಪ, ಟಿ.ಆರ್. ಶಂಕರ್ ರಾಮನ್ ಮತ್ತವರ ಜೊತೆಗಾರರು ಚಹಾ ತೋಟಗಳ ನಡುವಿನ ಕಾಡಿನ ತುಣುಕುಗಳಲ್ಲಿ ಇದನ್ನೇ ಮಾಡಿದರು. ಕಳೆ ತೆಗೆದು ಊರ ಜಾತಿ ನೆಟ್ಟ ಜಾಗ, ಹಾಗೇ ಬಿಟ್ಟ ಜಾಗ, ಹಾಳಾಗದ ಕಾಡು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತೀರಾ ಹಾಳಾದ ತುಣುಕುಗಳಲ್ಲಿ ಕೈಹಚ್ಚಿದ ಜಾಗವೇ ಬೇಗ ಸುಧಾರಿಸಿತು. ಆದ್ದರಿಂದ "ಏನೂ ಮಾಡಬೇಡಿ" ಅನ್ನೋ ಮಾತನ್ನೂ ಪೂರ್ತಿ ಒಪ್ಪಬೇಡಿ.

ಹಕ್ಕಿ ಲೆಕ್ಕಕ್ಕೆ ತಿಂಗಳಿಗೊಂದು ಬೆಳಿಗ್ಗೆ 15 ನಿಮಿಷ, ಹಕ್ಕಿ ದಾಖಲಿಸೋ ಇ-ಬರ್ಡ್ ಜಾಲತಾಣಕ್ಕೆ ಹಾಕಿ. ನೀರಿಗೆ ಒಂದೇ ಒಂದು ದಾಖಲೆ: ಕೆಳಗಿನ ಹಳ್ಳದ ಹರಿವು ನಿಂತ ತಾರೀಕು. ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ, ಹಳೇ ಕ್ಯಾಲೆಂಡರ್ ಎಸೀಬೇಡಿ. ಒಂದೆರಡು ವರ್ಷದ್ದು ನೋಡಿ ಹಿಗ್ಗಬೇಡಿ, ಮಳೆಯೇ ಹೆಚ್ಚು ಕಮ್ಮಿ ಇರುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅಜ್ಜಿಯನ್ನು ಕೇಳಿದೆ. ಮೇಲಿನ ಒಂದು ಎಕರೆ ಬೇಣವೇ ಆಗಿತ್ತಂತೆ, ಅಲ್ಲಿಂದ ಕರಡ (ಒಣ ಹುಲ್ಲು) ತರ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಇವತ್ತು ಬೆಳಿಗ್ಗೆ ಅಕ್ಕ ಹೇಳಿದ ಹಾಗೆ ಕೂತು ನೋಡಿದೆ. ಹಳೇ ಧರೆಯ (ಮಣ್ಣಿನ ದಿಬ್ಬದ) ಪಕ್ಕ ಒಂದು ಗಂಟೆಯಲ್ಲಿ 23 ಸಸಿ ಸಿಕ್ಕವು, ಆರು ಹೊನ್ನೆ. ಕಳೆ ಕಡಿಯುವವರು ಸೋಮವಾರ ಬರ್ತಾರೆ. ಮುಂದಕ್ಕೆ ಹಾಕಲಾ?

ಶಿರಸಿ ಕಡೆಯ ತೋಟಗಾರ್ತಿ

ಮುಂದಕ್ಕೆ ಹಾಕು. ಮೊದಲು ಮೇಷ್ಟ್ರು ಹೇಳಿದ ಫೋಟೋ, ಆಮೇಲೆ ಚಿಂದಿ. ಮೇಲಿನ ಬೇಣದಲ್ಲಿ ಅಕೇಶಿಯಾ, ಯುಪಟೋರಿಯಂ ಮಾತ್ರ ಕೀಳು, ಬೇರೇನೂ ನೆಡಬೇಡ, ಹುಲ್ಲು ಬರುತ್ತಾ ನೋಡು. ಅಜ್ಜಿಗೆ ನಡೆಯೋಕೆ ಆದರೆ ಒಂದು ದಿನ ಧರೆಯವರೆಗೆ ಕರ್ಕೊಂಡು ಹೋಗು, ಉಳಿದ 17 ಸಸಿಯ ಹೆಸರೂ ಗೊತ್ತಾಗಬಹುದು.