ಭಾವ ಅಮೆರಿಕದಿಂದ ಸ್ಯಾಟಲೈಟ್ ಡಿಶ್ ತರ್ತಾರಂತೆ, ಕಳಸದ ಮನೆಗೆ ಹಾಕಬಹುದಾ?

ಕೆಂಗೇರಿ ಹುಡುಗ (8 ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ನಾನಿರೋದು ಕೆಂಗೇರಿ ಉಪನಗರದಲ್ಲಿ, ಊರು ಕಳಸದ ಹತ್ತಿರ. ಅಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೇ. ಮನೆ ಹಳ್ಳದ ಪಕ್ಕ, ತಗ್ಗಿನಲ್ಲಿದೆ. ಸಿಗ್ನಲ್ ಬೇಕಂದ್ರೆ ತೋಟ ದಾಟಿ ಗುಡ್ಡ ಹತ್ತಬೇಕು. ಚಿಕ್ಕಪ್ಪನಿಗೆ ಯುಗಾದಿ ಹೊತ್ತಿಗೆ ಸ್ಟೆಂಟ್ ಹಾಕಿಸಿದ್ವಿ, ಆಮೇಲಿಂದ ಅವರು ಗುಡ್ಡ ಹತ್ತೋ ಹಾಗಿಲ್ಲ. ಮೂರು ದಿನ ಫೋನ್ ಬರದೇ ಇದ್ರೆ ನನಗೆ ನಿದ್ದೆ ಇಲ್ಲ.

ಸಿಯಾಟಲ್‌ನಲ್ಲಿರೋ ಭಾವ ಕ್ರಿಸ್‌ಮಸ್ ರಜಕ್ಕೆ ಬರ್ತಿದ್ದಾರೆ. ಅವರ ಹತ್ರ ಉಪಗ್ರಹದಿಂದ ಇಂಟರ್ನೆಟ್ ಕೊಡೋ ಒಂದು ಸ್ಟಾರ್‌ಲಿಂಕ್ ಡಿಶ್ ಇದೆ. ಸೂಟ್‌ಕೇಸ್‌ನಲ್ಲಿ ಹಾಕ್ಕೊಂಡು ಬರ್ತೀನಿ ಅಂತಾರೆ, ಅಕ್ಕ ಬೇಡ ಅಂತಾಳೆ. ಮನೆ ಮೇಲೆ ಟಿವಿ ಡಿಶ್ ಹಾಕೋವಾಗ ಯಾರ ಅಪ್ಪಣೆಯನ್ನೂ ಕೇಳಿಲ್ಲ, ಇದಕ್ಕೆ ಮಾತ್ರ ಯಾಕೆ ಕೇಳಬೇಕು? ಇದು ಆಗಲ್ಲ ಅಂದ್ರೆ ಎಸ್.ಪಿ. ರೋಡಲ್ಲಿ ಮೊಬೈಲ್ ಬೂಸ್ಟರ್ ಸಿಗುತ್ತಂತೆ, ಅದಾದ್ರೂ ನಡೆಯುತ್ತಾ?

ಫಿಲ್ಟರ್ ಕಾಫಿ

ತಂದು ಹಾಕಿ ಗುರು. ಕಳಸದ ಕಾಡಲ್ಲಿ ಯಾರು ಬಂದು ನೋಡ್ತಾರೆ.

ವೈರ್‌ಲೆಸ್ ತಾತ

ಮೇಲಿನವರ ಮಾತು ಕೇಳಬೇಡಿ. ಕಾಡಿಗೆ ಯಾರೂ ಬರಲ್ಲ, ನಿಜ. ಆದರೆ ಆ ಡಿಶ್‌ನೊಳಗೇ ಜಿಪಿಎಸ್ ಇದೆ, ತಾನೆಲ್ಲಿದ್ದೀನಿ ಅಂತ ಕಂಪನಿಗೆ ಅದೇ ಹೇಳುತ್ತೆ. ಕಳೆದ ಡಿಸೆಂಬರ್‌ನಲ್ಲಿ ಮಣಿಪುರದಲ್ಲಿ ಸ್ಟಾರ್‌ಲಿಂಕ್ ಗುರುತಿದ್ದ ಉಪಕರಣ ಸಿಕ್ಕಿ ಗಲಾಟೆ ಆದಾಗ, ಭಾರತದ ಮೇಲೆ ನಮ್ಮ ಉಪಗ್ರಹದ ಬೀಮ್ ಬಂದ್ ಇದೆ ಅಂತ ಕಂಪನಿ ಒಡೆಯ ಮಸ್ಕ್ ಅವರೇ ಹೇಳಿದ್ದರು. ತಂದರೂ ಅದರ ಮೇಲೆ ಹಪ್ಪಳ ಒಣಗಿಸಬಹುದು, ಅಷ್ಟೇ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರಂತೂ ರಜವೆಲ್ಲ ಅಲ್ಲಿ ಇಲ್ಲಿ ಓಡಾಡೋದರಲ್ಲೇ ಕಳೆಯುತ್ತೆ. ಅದೇ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಹೆಣ್ಣುಮಗಳೊಬ್ಬಳನ್ನ ಹಿಡಿದು ಕೇಸು ಹಾಕಿದರು. ಆಕೆ ಹತ್ರ ಇದ್ದದ್ದು ಅಂಗೈಯಗಲದ ಗಾರ್ಮಿನ್, ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸಾಧನ. ನಿಮ್ಮ ಅಕ್ಕ ಹೇಳಿದ್ದೇ ಸರಿ.

ನಾನು ಪೊಲೀಸ್ ವೈರ್‌ಲೆಸ್‌ನಲ್ಲಿ ಮೂವತ್ತೊಂದು ವರ್ಷ ಇದ್ದವನು, ಈಗ ಹನುಮಂತನಗರದಲ್ಲಿ ಮೊಮ್ಮಗನ ಹಿಂದೆ ಓಡಾಡಿಕೊಂಡಿದ್ದೀನಿ. ನಿಮ್ಮ ಟಿವಿ ಡಿಶ್‌ಗೆ ಇರೋದು ಕಿವಿ ಮಾತ್ರ. 36,000 ಕಿಲೋಮೀಟರ್ ಮೇಲಿನ ಉಪಗ್ರಹ ಹೇಳಿದ್ದನ್ನ ಕೇಳಿಸ್ಕೊಳ್ಳುತ್ತೆ, ತಾನು ತುಟಿ ಬಿಚ್ಚಲ್ಲ. ಭಾವನ ಡಿಶ್‌ಗೆ ಬಾಯಿಯೂ ಇದೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಓಡ್ತಿರೋ ಉಪಗ್ರಹಕ್ಕೆ 14 ಗಿಗಾಹರ್ಟ್ಸ್‌ನಲ್ಲಿ ಕೂಗಿ ಹೇಳುತ್ತೆ. ಎಟಿಎಂಗಳ ಮೇಲೆ ಕಾಣೋ ವಿಸ್ಯಾಟ್ ಡಿಶ್‌ಗಳೂ ಮಾತಾಡೋದು ಹೆಚ್ಚುಕಮ್ಮಿ ಅದೇ ಫ್ರೀಕ್ವೆನ್ಸಿ ಪಟ್ಟಿಯಲ್ಲಿ. ಲೈಸೆನ್ಸ್ ಕೂಗೋದಕ್ಕೆ. ಹಿಂದೆ ಕೇಳೋದಕ್ಕೂ ಬೇಕಿತ್ತು ಅನ್ನಿ, ನಮ್ಮಪ್ಪ ವರ್ಷಾ ವರ್ಷ ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟಿ ಬರ್ತಿದ್ರು. ಆ ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿದೆ. ನಾವು ಪೊಲೀಸರಾದರೂ ನಮ್ಮ ಇಷ್ಟದ ಫ್ರೀಕ್ವೆನ್ಸಿಯಲ್ಲಿ ವಾಕಿಟಾಕಿ ಒತ್ತೋ ಹಾಗಿರಲಿಲ್ಲ, ಫ್ರೀಕ್ವೆನ್ಸಿ ಹಂಚೋ ದೆಹಲಿಯ ಕಚೇರಿ ಡಬ್ಲ್ಯುಪಿಸಿ ಕೊಟ್ಟದ್ದರಲ್ಲೇ ಮಾತಾಡಬೇಕು.

ಈಗ ಬೂಸ್ಟರ್ ವಿಷಯ. ನಾನು ರಿಟೈರ್ ಆದ ಮಾರನೇ ವರ್ಷ ನಮ್ಮ ಬೀದಿಗೆ ಒಂದು ರೋಗ ಹತ್ತಿಕೊಂಡಿತು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ, ಕಾಲ್ ಮಾತ್ರ ಹೋಗಲ್ಲ. ಗ್ಯಾಸ್ ಬುಕ್ ಮಾಡೋಕೂ ನನ್ನ ಹೆಂಡತಿ ಗಣೇಶ ದೇವಸ್ಥಾನದ ತನಕ ನಡೀಬೇಕಿತ್ತು. ದೂರು ಕೊಟ್ಟು ಕೊಟ್ಟು ಕೊನೆಗೊಂದು ದಿನ ಮೊಬೈಲ್ ಕಂಪನಿಯ ಇಬ್ಬರು ಹುಡುಗರು ಸ್ಪೆಕ್ಟ್ರಮ್ ಅನಲೈಸರ್, ಸಿಗ್ನಲ್ ಬರೋ ದಿಕ್ಕು ಹುಡುಕೋಕೆ ಕೈಯಲ್ಲಿ ಹಿಡಿಯೋ ಯಾಗಿ ಆಂಟೆನಾ ತಗೊಂಡು ಬಂದರು. ನಾನೂ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹಳೇ ಚಟ. ಯಾಗಿ ತಿರುಗಿಸ್ತಾ ತಿರುಗಿಸ್ತಾ ಸಾಲಿನ ಕೊನೇ ಪಿ.ಜಿ.ಯ ಟೆರೇಸ್‌ಗೆ ಬಂದ್ವಿ. ನೀರಿನ ಟ್ಯಾಂಕಿನ ಹಿಂದೆ ಬೂಸ್ಟರ್. ಹುಡುಗರು ಕೆಲಸದಿಂದ ವಾಪಸ್ ಬರೋ ಹೊತ್ತಿಗೆ ಓನರ್ ಆನ್ ಮಾಡ್ತಿದ್ದ. ಹೊರಗಿನ ಆಂಟೆನಾ ಒಳಗಿನದಕ್ಕೆ ಎರಡು ಮಾರು ದೂರ ಅಷ್ಟೇ. ಮದುವೆ ಮನೆಯಲ್ಲಿ ಮೈಕನ್ನ ಸ್ಪೀಕರ್ ಕಡೆ ತಿರುಗಿಸಿದ್ರೆ ಕುಂಯ್ ಅನ್ನುತ್ತಲ್ಲ, ಅದೇ ಕಥೆ. ಆ ಕುಂಯ್ ನಮ್ಮ ಕಿವಿಗೆ ಬೀಳಲ್ಲ, ಟವರ್‌ನ ಕಿವಿಗೆ ಬೀಳುತ್ತೆ. ಟವರ್ ಹೇಳೋದು ನಮಗೆ ಕೇಳಿಸುತ್ತೆ, ನಾವು ಹೇಳೋದು ಅದಕ್ಕೆ ಕೇಳಿಸಲ್ಲ. ಕಡ್ಡಿ ಪೂರ್ತಿ ಇದ್ದರೂ ಕಾಲ್ ಹೋಗದೇ ಇದ್ದದ್ದು ಅದಕ್ಕೇ.

ಓನರ್ ಬಿಲ್ ತಂದು ತೋರಿಸಿದ. "ಕಳ್ಳ ಮಾಲಾಗಿದ್ರೆ ಬಿಲ್ ಹೆಂಗೆ ಕೊಡ್ತಾರೆ ಸಾರ್?" ಆ ಪ್ರಶ್ನೆಗೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ. ಅಂಥದನ್ನ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳೋದೇ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಅಪರಾಧ. ಅಂಗಡಿಯಲ್ಲಿ ಮಾತ್ರ ಗಾಜಿನ ಹಿಂದೆ ಸಾಲಾಗಿ ಜೋಡಿಸಿಟ್ಟಿರ್ತಾರೆ. ನಿಮ್ಮ ಹಳ್ಳದ ಮನೆಗೆ ಅದು ಹೇಗೂ ದಂಡ. ಇಲ್ಲದ ಸಿಗ್ನಲ್ ಹೆಚ್ಚಿಸೋದು ಅಂದ್ರೆ ಸೊನ್ನೆಯನ್ನ ನೂರರಿಂದ ಗುಣಿಸಿದ ಹಾಗೆ.

ಪೀಣ್ಯ ಆಂಟೆನಾ

ತಾತ ಹೇಳಿದ್ದು ಸರಿ. ನಾನು ಆಂಟೆನಾ ಡಿಸೈನ್ ಮಾಡೋ ಸಣ್ಣ ಕಂಪನಿಯಲ್ಲಿದ್ದೀನಿ, ಒಂದಿಷ್ಟು ಸೇರಿಸ್ತೀನಿ. ಸ್ಟಾರ್‌ಲಿಂಕ್‌ಗೆ ಈ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು, ಜುಲೈನಲ್ಲಿ ಖಾಸಗಿ ಉಪಗ್ರಹ ಕಂಪನಿಗಳಿಗೆ ಒಪ್ಪಿಗೆ ಕೊಡೋ ಇನ್-ಸ್ಪೇಸ್‌ನ ಅನುಮತಿಯೂ ಬಂತು. ಒನ್‌ವೆಬ್, ಜಿಯೋದವರಿಗೆ ಇಂಥದೇ ಸೇವೆಗೆ ಮೊದಲೇ ಸಿಕ್ಕಿತ್ತು. ಬಾಕಿ ಇರೋದು ಸ್ಪೆಕ್ಟ್ರಮ್, ಅಂದ್ರೆ ಬಳಸೋ ಫ್ರೀಕ್ವೆನ್ಸಿಗಳ ಹಂಚಿಕೆ. ಅದಕ್ಕೆ ಕಂಪನಿಗಳು ಸರ್ಕಾರಕ್ಕೆ ವರಮಾನದಲ್ಲಿ 4%, ನಗರದ ಗ್ರಾಹಕರ ಲೆಕ್ಕಕ್ಕೆ ವರ್ಷಕ್ಕೆ ತಲಾ 500 ರೂಪಾಯಿ ಹೆಚ್ಚುವರಿ ಕೊಡಬೇಕು ಅಂತ ದೂರಸಂಪರ್ಕ ನಿಯಂತ್ರಕ ಟ್ರಾಯ್ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ದರ ಇನ್ನೂ ಅಂತಿಮ ಆಗಿಲ್ಲ. ಭದ್ರತೆಯ ಷರತ್ತೂ ಇದೆ: ಇಲ್ಲಿನ ಗ್ರಾಹಕರ ಡೇಟಾ ಇಲ್ಲಿನ ನೆಲದ ಮೇಲಿರೋ ಗೇಟ್‌ವೇ ಕೇಂದ್ರದ ಮೂಲಕವೇ ಹೋಗಬೇಕು.

ಫಿಲ್ಟರ್ ಕಾಫಿ

ಅಂದ್ರೆ ಹರಾಜಿಲ್ಲದೆ ಹಂಚ್ತಾರೆ. 2ಜಿ ಹಗರಣ ಮರೆತೋಯ್ತಾ?

ಪೀಣ್ಯ ಆಂಟೆನಾ

ಯಾರೂ ಮರೆತಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಏಟಿಗೆ 122 ಲೈಸೆನ್ಸ್ ರದ್ದು ಮಾಡಿದ ಮೇಲೆ ಹಂಚಿಕೆ ಅನ್ನೋ ಪದ ಕೇಳಿದ್ರೇ ಅಧಿಕಾರಿಗಳು ಬೆಚ್ಚಿಬೀಳೋ ಹಾಗಾಯ್ತು. ಅದಕ್ಕೂ ಒಂದು ವರ್ಷ ಮುಂಚೆ, ಇಸ್ರೋದ ವ್ಯಾಪಾರಿ ಕಂಪನಿ ಆಂಟ್ರಿಕ್ಸ್ 2005ರಲ್ಲಿ ಬೆಂಗಳೂರಿನದೇ ಆದ ದೇವಾಸ್ ಕಂಪನಿ ಜೊತೆ ಮಾಡಿಕೊಂಡಿದ್ದ ಎಸ್-ಬ್ಯಾಂಡ್ ಉಪಗ್ರಹ ಸ್ಪೆಕ್ಟ್ರಮ್ ಒಪ್ಪಂದವನ್ನ ಸರ್ಕಾರ ಮುರಿದುಹಾಕಿತ್ತು. ಆದರೆ ಮೊಬೈಲ್ ಸ್ಪೆಕ್ಟ್ರಮ್ ಸೈಟ್ ಇದ್ದ ಹಾಗೆ, ಒಬ್ಬರು ಕೊಂಡು ಬೇಲಿ ಹಾಕ್ಕೋತಾರೆ. ಉಪಗ್ರಹದ್ದು ಗೋಮಾಳ. ಡಿಶ್‌ಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರೋದರಿಂದ ಅದೇ ಫ್ರೀಕ್ವೆನ್ಸಿಯನ್ನ ನಾಲ್ಕಾರು ಕಂಪನಿ ಬಳಸಬಹುದು. ಒಬ್ಬರಿಗೇ ಹರಾಜು ಹಾಕಿದ್ರೆ ಉಳಿದವರನ್ನ ಸುಮ್ಮನೆ ಹೊರಗಿಟ್ಟ ಹಾಗಾಗುತ್ತೆ. 2023ರ ದೂರಸಂಪರ್ಕ ಕಾಯ್ದೆ ಇಂಥ ಉಪಗ್ರಹ ಸೇವೆಗಳನ್ನ ಹರಾಜಿಲ್ಲದ ಪಟ್ಟಿಗೆ ಸೇರಿಸಿದ್ದು ನನ್ನ ಪ್ರಕಾರ ಸರಿ. ದರ ಕಡಿಮೆ ಆಯ್ತು ಅಂತ ಜಗಳ ಆಡಿ, ಅದು ನ್ಯಾಯ.

ಕೆಂಗೇರಿ ಹುಡುಗ

ತಾತ, ಭಾವನಿಗೆ ಹೇಳಿದೆ, ಡಿಶ್ ಅಲ್ಲೇ ಇರುತ್ತೆ. ಅಕ್ಕನಿಗೆ ಭಾರೀ ಖುಷಿ. ಆದ್ರೆ ಚಿಕ್ಕಪ್ಪನಿಗೆ ದಾರಿ ಏನು? ಗುಡ್ಡದ ಮೇಲೆ ದೊಡ್ಡಪ್ಪನ ಮನೆಗೆ ಈಚೆಗೆ ಫೈಬರ್ ಬಂದಿದೆ. ಅಲ್ಲಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್.

ವೈರ್‌ಲೆಸ್ ತಾತ

ಇದನ್ನ ಮೊದಲೇ ಹೇಳೋದಲ್ವೇನಪ್ಪಾ! ಕೂಗೋದಕ್ಕೆ ಲೈಸೆನ್ಸ್ ಬೇಕು ಅಂದೆ, ಆದರೆ ಯಾರು ಬೇಕಾದರೂ ಮೆತ್ತಗೆ ಮಾತಾಡಬಹುದಾದ ಜಗಲಿಯೂ ಇದೆ. ನಿಮ್ಮ ಮನೆಯ ವೈಫೈ ಅಲ್ಲೇ ಇರೋದು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವನ್ನ ಮನೆಯ ಹೊರಗೂ ಬಳಸೋ ಹಾಗೆ ಲೈಸೆನ್ಸ್‌ನಿಂದ ಮುಕ್ತ ಮಾಡಿದರು, ಪವರ್ ಮಿತಿಯೊಳಗೆ ಇರಬೇಕು ಅಷ್ಟೇ. ಎದುರುಬದುರು ಕೂರಿಸೋ ಎರಡು ವೈಫೈ ಡಿಶ್ ತಗೊಳ್ಳಿ. ಇಲ್ಲಿನ ಟೈಪ್ ಅಪ್ರೂವಲ್, ಅಂದ್ರೆ ಆ ಮಾಡೆಲ್‌ಗೆ ಸರ್ಕಾರದ ಒಪ್ಪಿಗೆ, ಇರೋದನ್ನೇ ಕೇಳಿ. ಚಿಕ್ಕಪ್ಪನ ಹೆಸರಲ್ಲಿ ಬೇರೆ ಕನೆಕ್ಷನ್ ಮಾಡಿಸಿ, ಫೈಬರ್ ದೊಡ್ಡಪ್ಪನ ಮನೆ ತನಕ ಬರಲಿ. ಮಾಮೂಲಿ ಫೋನಲ್ಲೇ ವೈಫೈ ಕಾಲಿಂಗ್ ಆನ್ ಮಾಡಿದ್ರೆ ಅವರು ಕಟ್ಟೆ ಮೇಲೆ ಕೂತೇ ಮಾತಾಡಬಹುದು. ಕರೆಂಟ್ ಹೋದಾಗ ಬೇಕಾಗುತ್ತೆ, ಎರಡೂ ಕಡೆ ಸಣ್ಣ ಯುಪಿಎಸ್ ಇರಲಿ.

ದುಡ್ಡು ಹಾಕೋ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಎಂಟಕ್ಕೆ ದೊಡ್ಡಪ್ಪನ ಜಗಲಿಯಿಂದ ಯಾರಾದ್ರೂ ಟಾರ್ಚ್ ಬಿಡಲಿ, ನೀವು ಚಿಕ್ಕಪ್ಪನ ಸೂರಿನ ಮೇಲೆ ನಿಂತು ನೋಡಿ. ಬೆಳಕು ಕಂಡ್ರೆ ಲಿಂಕ್ ಬರುತ್ತೆ. ಎಲೆ ಮರೆ ಇದ್ದರೆ ಕಷ್ಟ, ಅದರಲ್ಲೂ ಒದ್ದೆ ಎಲೆ.

ಕೆಂಗೇರಿ ಹುಡುಗ (17 ನವೆಂಬರ್)

ಶನಿವಾರ ಹೋಗಿದ್ದೆ ತಾತ. ಟಾರ್ಚ್ ಕಾಣುತ್ತೆ, ಆದ್ರೆ ಎರಡು ಸಿಲ್ವರ್ ಓಕ್ ಅಡ್ಡ ಇದೆ, ಗಾಳಿ ಬೀಸಿದಾಗ ಮಿಣುಕುತ್ತೆ. ಕಡಿಸೋಣ ಅಂದೆ. ಚಿಕ್ಕಪ್ಪ ಆ ಎರಡೂ ಮರಕ್ಕೆ ಹದಿನೆಂಟು ವರ್ಷದ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ, ನಿನ್ನ ಫೋನಿಗಿಂತ ಅದು ಮುಖ್ಯ ಅಂತ ಎದ್ದು ಹೋದ್ರು.

ವೈರ್‌ಲೆಸ್ ತಾತ

ಅವರು ಹೇಳೋದೂ ಸರಿಯೇ. ಸದ್ಯಕ್ಕೆ ಡಿಶ್ ಎತ್ತರಕ್ಕೆ ಹೋಗೋ ಹಾಗೆ ಇಪ್ಪತ್ತು ಅಡಿ ಜಿಐ ಪೈಪ್ ನಿಲ್ಲಿಸಿ, ಮೂರು ಕಡೆ ತಂತಿ ಎಳೆದು ಕಟ್ಟಿ. ಅರ್ತಿಂಗ್ ಮರೀಬೇಡಿ, ಮಲೆನಾಡಿನ ಸಿಡಿಲು ಸುಮ್ಮನಲ್ಲ. ಮಳೆಗಾಲಕ್ಕೆ ಮುಂಚೆ ಹೇಗೂ ಮರಗಸಿ ಮಾಡಿಸ್ತಾರಲ್ಲ, ಆಗ ಬಳ್ಳಿ ಮುಟ್ಟದೆ ಅದರ ಮೇಲಿನ ರೆಂಬೆ ಮಾತ್ರ ಸವರಿಸೋಕೆ ಒಪ್ತಾರಾ ಅಂತ ಚಿಕ್ಕಮ್ಮನ ಕೈಲಿ ಕೇಳಿಸಿ.