ಹಳೆಯ ಕಸದ ಗುಂಡಿಯ ಪಕ್ಕ ಕುಸಿಯುತ್ತಿರುವ ನದಿದಂಡೆ

ಪ್ರಶ್ನೆ: ದಶಕಗಳ ಹಿಂದೆ ಮುಚ್ಚಿದ ಕಸದ ಗುಂಡಿಯ ಪಕ್ಕದ ನದಿದಂಡೆ ಪ್ರತಿ ಪ್ರವಾಹಕ್ಕೂ ಕುಸಿಯುತ್ತಿದ್ದು, ಮಣ್ಣಿನ ಪದರಗಳ ನಡುವಿನಿಂದ ಪ್ಲಾಸ್ಟಿಕ್ ಚೀಲಗಳೂ ಗಾಜಿನ ಚೂರುಗಳೂ ಹೊರಗೆ ಇಣುಕುತ್ತಿವೆ. ಕಲ್ಲು ಜೋಡಿಸಿದರೆ ಸಾಕೇ?

ಉತ್ತರ: ಸಾಲದು. ಕಸ ಎಷ್ಟು ಆಳಕ್ಕೆ ಹರಡಿದೆ ಎಂಬುದನ್ನು ಮೊದಲು ಪರೀಕ್ಷಾ ಗುಂಡಿ ತೋಡಿ ತಿಳಿದುಕೊಳ್ಳಿ. ಹಿಂದೆ ಜಾಗವಿದ್ದರೆ ಅಂಚಿನ ಕಸವನ್ನು ತೆಗೆದು ದಂಡೆಯನ್ನೇ ಹಿಂದಕ್ಕೆ ಸರಿಸುವುದು, ದುಬಾರಿಯಾದರೂ, ಬಾಳಿಕೆ ಬರುವ ದಾರಿಯೆಂದು ನನ್ನ ಅಭಿಪ್ರಾಯ.

ಮತ್ತೊಂದು ಉತ್ತರ: ಕೊರೆತ ಹೆಚ್ಚಾಗಿ ಬುಡದಿಂದಲೇ ಆರಂಭವಾಗುವುದರಿಂದ ಅಲ್ಲಿ ಜಿಯೋಟೆಕ್ಸ್‌ಟೈಲ್ (ನೀರನ್ನು ಬಿಟ್ಟು ಮಣ್ಣನ್ನು ಹಿಡಿದಿಡುವ ಬಟ್ಟೆ) ಹಾಸಿ ದಪ್ಪ ಕಲ್ಲುಗಳನ್ನು ಕೂರಿಸಿ, ಮೇಲಿನ ಇಳಿಜಾರನ್ನು ತಗ್ಗಿಸಿ, ನಾರಿನ ಚಾಪೆ ಹೊದಿಸಿ ಹುಲ್ಲು ಬೆಳೆಸಬಹುದು. ಕಸದ ಗುಂಡಿಯನ್ನು ಮುಚ್ಚಿರುವ ಮಣ್ಣಿನ ಹೊದಿಕೆಯ ಮೇಲೆ ಮಾತ್ರ ಆಳಕ್ಕೆ ಬೇರಿಳಿಸುವ ಮರಗಳು ಬೇಡ.

ಪ್ರಶ್ನೆ ಕೇಳಿದವರು: ಬುಡದಲ್ಲಿ ಕಂದು ನೀರು ಜಿನುಗುತ್ತಿದೆ.

ಉತ್ತರ: ಹಾಗಾದರೆ ಅದು ಕಸದಿಂದ ಬಸಿದ ಕಲುಷಿತ ನೀರಿರಬಹುದು; ಅಮೋನಿಯಾ, ಭಾರಲೋಹಗಳ ಪರೀಕ್ಷೆ ಆಗಲೇಬೇಕು. ಆ ನೀರನ್ನು ಗೋಡೆ ಕಟ್ಟಿ ಅದರ ಹಿಂದೆ ತಡೆದರೆ ಒತ್ತಡ ಹೆಚ್ಚಿ ದಂಡೆ ಜಾರಬಹುದು. ಕೊಳವೆಯಲ್ಲಿ ಸಂಗ್ರಹಿಸಿ ಸಂಸ್ಕರಣೆಗೆ ಕಳುಹಿಸಿ.